ಹಿಂದಿನ ಸೀಟಿನ ಅಂಕಿ

ಹೆಸರಿಲ್ಲದ ಕಾರು ಅದು. ಮೈತುಂಬ ಕಪ್ಪುಬಿಳಿ
ಸುರುಳಿ ಸುರುಳಿ ಸ್ಟಿಕ್ಕರು,
ನೋಡಿದ ಕಣ್ಣು ಜಾರಬೇಕು, ಅಂಚು ಸಿಕ್ಕಬಾರದು.
ಮದೀನತ್ ಝಾಯೆದಿನ ಬಾಡಿಗೆ ಶೆಡ್ಡಿನಲ್ಲಿ
ರಾತ್ರಿ ಅದಕ್ಕೆ ಹೊದಿಕೆ, ಹಗಲು ಬಿಸಿಲು.
ನಾವು ಕೂಸು ಎಂದೆವು.
ಜಪಾನಿನವರ ಕಾಗದದಲ್ಲಿ ಬರೀ ಮೂರು ಅಕ್ಷರ, ಒಂದು ಸೊನ್ನೆ.

ನನ್ನ ಕೆಲಸ ಕೂತುಕೊಳ್ಳುವುದು.
ಮೊದಲ ವರ್ಷ ಹಿಂದಿನ ಸೀಟಿಗೆ ಮರಳಿನ ಚೀಲ ಕಟ್ಟಿದ್ದರಂತೆ.
ಚೀಲಕ್ಕೆ ತೂಕ ಉಂಟು, ಬೆವರಿಲ್ಲ.
ಅದಕ್ಕೇ ಈ ಮೊಯ್ದಿನಬ್ಬ, ಎಪ್ಪತ್ತೊಂದು ಕಿಲೊ,
ಹನ್ನೊಂದು ವರ್ಷ ಪೈಪ್‌ಲೈನಿಗೆ ಗುಂಡಿ ತೋಡಿದವನು.

ಹನ್ನೆರಡರಿಂದ ಎರಡರವರೆಗೆ, ಗಾಜು ಮುಚ್ಚಿ,
ಕಾರನ್ನು ಬಯಲಲ್ಲಿಡುತ್ತಾರೆ, ಹಪ್ಪಳ ಒಣಗಲಿಟ್ಟ ಹಾಗೆ.
ಒಳಗೆ ಮಾಡಿನಿಂದ ವಯರುಗಳು ಇಳಿದಿವೆ,
ತುದಿಯಲ್ಲಿ ಸಾಸಿವೆಯಷ್ಟು ಮಣಿ:
ಹಣೆಯ ಹತ್ತಿರ, ಎದೆಯ ಹತ್ತಿರ.
ಅರವತ್ತೆಂಟು ಡಿಗ್ರಿಯಾದಾಗ ಬಾಗಿಲು ತೆಗೆದು
"ದಯವಿಟ್ಟು" ಎನ್ನುತ್ತಾರೆ ಒಗಿನೊ ಸಾನ್.
ಬೆಲ್ಟಿನ ಕೊಂಡಿಗೆ ಕರ್ಚೀಫು ಸುತ್ತಿ ಹಿಡಿಯುತ್ತೇನೆ.
ಎಸಿ ಶುರು. ಲಿವಾ ರಸ್ತೆ. ನಿಮಿಷಕ್ಕೊಮ್ಮೆ ಪ್ರಶ್ನೆ:
"ಎಷ್ಟು?"

ಒಂದೆಂದರೆ ಚಳಿ, ಒಂಬತ್ತೆಂದರೆ ತಾಳಲಾರೆ.
ಐದು, ಅಂದೆ.
ಮುಂದಿನ ನಿಮಿಷಕ್ಕೂ ಐದು. ಅದರ ಮುಂದಿನದಕ್ಕೂ.
ಡ್ರೈವರ್ ಗುಲ್‌ಜಮಾನ್ ಒಂಬತ್ತರಿಂದ ಶುರು ಮಾಡಿದ್ದ.
ಒಗಿನೊ ಹಾಳೆ ನೋಡಿದರು, ಕನ್ನಡಿಯಲ್ಲಿ ನನ್ನನ್ನು ನೋಡಿದರು,
ಒಂಟೆಬೇಲಿಯ ಪಕ್ಕ ಗಾಡಿ ನಿಲ್ಲಿಸಿದರು.
ಹರಕು ಇಂಗ್ಲಿಷು ಅವರದ್ದು, ಹರಕು ನನ್ನದೂ,
ಎರಡು ಹರಕು ಸೇರಿಸಿ ಒಂದು ಮಾತು ಹೊಲಿದೆವು:
"ತಾಳುವುದನ್ನು ಹೇಳಬೇಡ.
ಆಗುವುದನ್ನು ಹೇಳು."

ಎರಡೂ ಬೇರೆಯಾ?
ಆ ರಾತ್ರಿ ಮೇಲಿನ ಬಂಕಿನಲ್ಲಿ ನಿದ್ದೆ ಹತ್ತಲಿಲ್ಲ.
ಗುಂಡಿಯ ಅಂಚಿನಿಂದ ಫೋರ್‌ಮನ್ ಕೇಳಿದ್ದು
ಎಷ್ಟು ಮೀಟರ್ ಆಯಿತೆಂದು.
ಊರಿಂದ ನೆಬಿಸ ಕೇಳುತ್ತಾಳೆ, "ಅಲ್ಲಿ ಸೆಕೆ ಉಂಟಾ?"
ಹನ್ನೊಂದು ವರ್ಷದಿಂದ ನಾನು, "ಅಷ್ಟೇನಿಲ್ಲ."

ಮರುದಿನ ಒಂಬತ್ತು ಅಂದೆ.
ಕದ್ದು ಸಿಕ್ಕಿಬಿದ್ದವನ ಹಾಗೆ ಮುಖ ಕೆಂಪಾಯಿತು.
ಏಳನೇ ನಿಮಿಷಕ್ಕೆ ಮುಖ ಐದು, ಎದೆ ಐದು.
ಕಾಲನ್ನು ಯಾರೂ ಕೇಳಿರಲಿಲ್ಲ, ನಾನೇ ಹೇಳಿದೆ:
"ಕಾಲು ಎಂಟು. ತಂಪೆಲ್ಲ ಮುಂದಿನವರ ಮಡಿಲಲ್ಲೇ ಮುಗಿಯುತ್ತದೆ,
ಇಲ್ಲಿಗೆ ಬರುವುದು ಅದರ ಸದ್ದು."
ಒಗಿನೊ ಬೂಟು ಕಳಚಿದರು, ಸಾಕ್ಸೂ.
ಹಿಂದೆ ಬಂದು ಪಕ್ಕದಲ್ಲಿ ಕೂತರು.
ಸಣ್ಣ ಕಾರು. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು.
ಅವರ ಪಾದ ಬೆಳ್ಳಗೆ, ಹೆಬ್ಬೆರಳಲ್ಲಿ ಹಳೆಯ ಗಾಯ.
ಬಹಳ ಹೊತ್ತಿನ ಮೇಲೆ ಹೇಳಿದರು,
"ಎಂಟೂವರೆ."

ಮುಂದಿನ ಬೇಸಗೆಗೆ ಇನ್ನೊಂದು ಕೂಸು ಬಂತು.
ಅದೇ ಸುರುಳಿ, ಆದರೆ ಸೀಟಿನಡಿ
ಕಪ್ಪು ಪ್ಲಾಸ್ಟಿಕ್ಕಿನ ಎರಡು ಬಾಯಿ, ಅಂಗೈ ಅಗಲ.
ಒಗಿನೊ ಬಂದಿರಲಿಲ್ಲ, ಬೇರೆ ಹುಡುಗ.
ಚಳಿದೇಶಕ್ಕೆ ಹೋಗುವ ಗಾಡಿಯಲ್ಲಿ
ಅದೇ ಬಾಯಿ ಬಿಸಿಗಾಳಿ ಊದುತ್ತದೆ ಎಂದ ಅವನು.
ಯಾವುದೋ ಹಿಮದೂರಿನಲ್ಲಿ, ಹಿಂದಿನ ಸೀಟಿನ ಅಜ್ಜಿಯ ಪಾದಕ್ಕೆ
ನನ್ನ ಎಂಟು ತಾಗುತ್ತಿರಬಹುದು.

ಈಗ ಅದಕ್ಕೆ ಹೆಸರುಂಟು, ಕೆಂಪು ನೀಲಿ ಬಣ್ಣಗಳುಂಟು.
ಮುಸಫ್ಫಾದಿಂದ ಬರುವಾಗ ಹತ್ತಿದ ಬಾಡಿಗೆ ಕಾರು ಅದೇ.
ಸೀಟಿನಡಿ ಯಾರದೋ ಮಗುವಿನ ಸಾಕ್ಸು,
ಗಾಳಿಗೆ ಸಣ್ಣಗೆ ಅಲ್ಲಾಡುತ್ತಿತ್ತು. ತೆಗೆಯಲಿಲ್ಲ.

ನೆಬಿಸಳ ಫೋನು ಬಂತು. ಸೆಕೆ ಉಂಟಾ?
"ಏಳು," ಅಂದೆ.
"ಗಂಟೆ ಕೇಳಿದ್ದಲ್ಲ ನಾನು."
ನಕ್ಕೆ. ಆಮೇಲೆ ಒಂದನ್ನು ಕೇಳಿದೆ,
ಇಷ್ಟು ವರ್ಷ ನೆನಪೇ ಆಗದ್ದು:
"ನಿನಗೆ ಅಲ್ಲಿ ಎಷ್ಟು?"
ಒಲೆಯ ಮೇಲೆ ಏನೋ ಚುರುಗುಟ್ಟುತ್ತಿತ್ತು, ಸೆರಗಿಗೆ ಮುಖ ಒರೆಸಿದ ಸದ್ದು.
"ಅಷ್ಟೇನಿಲ್ಲ," ಅಂದಳು.